ಕ್ಯಾನ್ಸರ್‌ನಿಂದ ಮೂಳೆ ಮುರಿದಾಗ: ಚಾರ್ಟ್ ಓದುವುದರಿಂದ ಕೋಡ್ ಹಾಕುವವರೆಗೆ

"ಮಗ್ಗುಲು ಬದಲಿಸುವಾಗ ಎಡತೊಡೆಯಲ್ಲಿ ಟಪ್ ಅಂತ ಸದ್ದಾಯಿತು, ಆಮೇಲೆ ಕಾಲು ಎತ್ತೋಕೆ ಆಗಲಿಲ್ಲ." ನಾನು ಮೆಡಿಕಲ್ ಕೋಡಿಂಗ್ ಕೆಲಸಕ್ಕೆ, ಅಂದರೆ ರೋಗಿಯ ಚಾರ್ಟ್ ಓದಿ ಬಿಲ್‌ಗೆ ಕಾಯಿಲೆಯ ಕೋಡ್ ಹಾಕುವ ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಚಾರ್ಟ್‌ನ ನರ್ಸ್ ನೋಟ್‌ನಲ್ಲಿ ಓದಿದ ಮಾತು ಇದು. ರೋಗಿ ಅಮೆರಿಕದ ಒಬ್ಬ ಹೆಂಗಸು, ಅರವತ್ತು ದಾಟಿದವರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಎಮರ್ಜೆನ್ಸಿ ಡಾಕ್ಟರ್ ಬರೆದಿದ್ದು ಬರೀ "ಎಡ ಫೀಮರ್ ಫ್ರಾಕ್ಚರ್" ಅಂತ, ಅಂದರೆ ಎಡ ತೊಡೆಮೂಳೆಯ ಮುರಿತ. ನಾನು ಎಸ್72 ಗುಂಪಿನ ಕೋಡ್ ಹಾಕಿ ಮುಂದಿನ ಚಾರ್ಟ್ ತೆರೆದೆ. ಮಾರನೇ ದಿನ ಆಡಿಟರ್ ಅದನ್ನು ವಾಪಸ್ ಕಳಿಸಿದರು. ಆ ಚಾರ್ಟ್‌ನ ಹಿಂದಿನ ಪುಟಗಳಲ್ಲಿ ಸ್ತನ ಕ್ಯಾನ್ಸರ್ ಇತ್ತು, ಎಕ್ಸ್‌ರೇ ವರದಿಯಲ್ಲಿ ಮೂಳೆ ಕರಗಿದ ಜಾಗ ಇತ್ತು, ಆರ್ಥೋ ಡಾಕ್ಟರ್ ನೋಟ್‌ನಲ್ಲಿ "ಪ್ಯಾಥಲಾಜಿಕಲ್" ಅನ್ನುವ ಪದವೂ ಇತ್ತು, ಅಂದರೆ ಕಾಯಿಲೆಯಿಂದ ಸೊರಗಿದ ಮೂಳೆ ಮುರಿದದ್ದು. ನಾನು ಅಲ್ಲಿಯವರೆಗೆ ಓದಿರಲಿಲ್ಲ.

ಎಸ್ ಅಕ್ಷರದ ಕೋಡ್ ಅಂದರೆ ಪೆಟ್ಟು ಬಿದ್ದು ಆದ ಗಾಯ. ಅದು ಕ್ಲೇಮ್‌ನಲ್ಲಿ ಹೋದರೆ ಎಷ್ಟೋ ಸಲ ಇನ್ಶೂರೆನ್ಸ್ ಕಂಪನಿ ರೋಗಿಯ ಮನೆಗೆ ಒಂದು ಫಾರ್ಮ್ ಕಳಿಸುತ್ತದೆ: ಅಪಘಾತ ಎಲ್ಲಿ ಆಯಿತು, ಯಾರ ತಪ್ಪು, ಬೇರೆ ಯಾರಾದರೂ ಈ ಖರ್ಚು ಕೊಡಬೇಕಾ ಅಂತ. ಕ್ಯಾನ್ಸರ್ ಮೂಳೆಗೆ ಹಬ್ಬಿದೆ ಅಂತ ಆಗಷ್ಟೇ ಗೊತ್ತಾಗಿ ಹಾಸಿಗೆ ಹಿಡಿದಿರುವವರ ಕೈಗೆ ಆ ಕಾಗದ ಸಿಗುವುದನ್ನು ಒಮ್ಮೆ ಯೋಚಿಸಿ. ಅವತ್ತಿನಿಂದ ಈ ಒಂದು ವಿಷಯವನ್ನು ನಾನು ಯಾವ ಫ್ರೆಶರ್‌ಗೂ ಅವಸರದಲ್ಲಿ ಹೇಳಿಕೊಟ್ಟಿಲ್ಲ. ಇಲ್ಲೂ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಇಲ್ಲಿ ಬರುವುದು ಮುಖ್ಯವಾಗಿ ಅಮೆರಿಕದ ಐಸಿಡಿ-10-ಸಿಎಂ, ಅಂದರೆ ಕಾಯಿಲೆಗಳ ಕೋಡ್ ಪಟ್ಟಿ. 2015ರ ಅಕ್ಟೋಬರ್ 1ರಿಂದ ಅಲ್ಲಿ ಜಾರಿಯಲ್ಲಿರುವುದು ಇದೇ, ಬೆಂಗಳೂರಿನಲ್ಲಿ ಕೂತು ನಮ್ಮಲ್ಲಿ ಎಷ್ಟೋ ಜನ ದಿನಾ ಬಳಸುವುದೂ ಇದನ್ನೇ. ಪ್ರತಿ ಅಕ್ಟೋಬರ್ 1ಕ್ಕೆ ಹೊಸ ವರ್ಷದ ಕೋಡ್‌ಗಳು ಬರುತ್ತವೆ, ಹಾಗಾಗಿ ಕೊನೆಯಲ್ಲಿ ಯಾವಾಗಲೂ ಆ ವರ್ಷದ ಟ್ಯಾಬುಲರ್ ಲಿಸ್ಟ್ (ಕೋಡ್‌ಗಳ ಸಾಲುಪಟ್ಟಿ) ನೋಡಿಯೇ ಕೋಡ್ ಹಾಕಿ. ಕೋಡ್‌ನ ಇಂಗ್ಲಿಷ್ ಅಕ್ಷರಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಓದುವಾಗ ಜೋಡಿಸಿಕೊಳ್ಳಿ.

ಮೊದಲು ಅಕ್ಕಪಕ್ಕದ ಕೋಡ್‌ಗಳ ಪರಿಚಯ

ಪೆಟ್ಟಿಲ್ಲದೆ ಮುರಿದ ಮೂಳೆಗೆ ಒಂದೇ ಮನೆ ಇಲ್ಲ. ನಮಗೆ ಬೇಕಾದದ್ದು ಎಂ84.5: ಗಡ್ಡೆಯಿಂದ ಸೊರಗಿದ ಮೂಳೆ ಮುರಿದಾಗ ಹಾಕುವ ಕೋಡ್. ಅದರ ಹಿಂದಿನ ಮನೆ ಎಂ84.4, ಅಂದರೆ ಪ್ಯಾಥಲಾಜಿಕಲ್ ಫ್ರಾಕ್ಚರ್ ಅಂತ ಗೊತ್ತು, ಆದರೆ ಯಾವುದರಿಂದ ಅಂತ ಬರೆದಿಲ್ಲ. ಮುಂದಿನ ಮನೆ ಎಂ84.6, ಬೇರೆ ಕಾಯಿಲೆಯಿಂದ ಆದದ್ದು. ಓಡಿ ಓಡಿ ಅಥವಾ ಒಂದೇ ಕಡೆ ಭಾರ ಬಿದ್ದು ಬಿರುಕು ಬಿಟ್ಟರೆ ಎಂ84.3. ಮೂಳೆ ಸವೆತದಿಂದ, ಅಂದರೆ ಆಸ್ಟಿಯೋಪೊರೋಸಿಸ್‌ನಿಂದ ಮುರಿದರೆ ಎಂ80. ಬೆನ್ನುಮೂಳೆ ಕುಸಿದಿದೆ, ಕಾರಣ ಬರೆದಿಲ್ಲ ಅಂದರೆ ಎಂ48.5.

ಎಂ84.5 ಅಂದರೆ ಕ್ಯಾನ್ಸರ್ ಮಾತ್ರ ಅಂತ ಅಂದುಕೊಳ್ಳಬೇಡಿ. ಹೆಸರಿನಲ್ಲಿರುವುದು ನಿಯೋಪ್ಲಾಸ್ಟಿಕ್, ಅಂದರೆ ಗಡ್ಡೆ. ಕೈಬೆರಳ ಮೂಳೆಯಲ್ಲಿ ಎನ್‌ಕಾಂಡ್ರೋಮಾ ಅನ್ನುವ ನಿರಪಾಯದ ಗಡ್ಡೆ ಇದ್ದು ಮುರಿದರೂ ಇದೇ ಗುಂಪು, ಜೊತೆಗೆ ಡಿ16. ಆದರೆ ಮೂಳೆಯ ಸಾದಾ ನೀರುಗುಳ್ಳೆ ಗಡ್ಡೆಯಲ್ಲ. ಮಕ್ಕಳ ಚಾರ್ಟ್‌ನಲ್ಲಿ "ಬೋನ್ ಸಿಸ್ಟ್" ಅಂತ ಕಂಡರೆ ಎಂ84.5ಕ್ಕೆ ಕೈ ಹಾಕಬೇಡಿ.

ಚಾರ್ಟ್ ಪೂರ್ತಿ ಓದಿ, ಈ ನಾಲ್ಕು ಕಡೆ ತಪ್ಪದೇ

ಎಮರ್ಜೆನ್ಸಿ ನೋಟ್, ಆರ್ಥೋ ಕನ್ಸಲ್ಟ್, ಆಪರೇಷನ್ ನೋಟ್, ಡಿಸ್‌ಚಾರ್ಜ್ ಸಮರಿ. ಇವು ನಾಲ್ಕೂ ಒಂದೇ ಮಾತು ಹೇಳುತ್ತಿವೆಯಾ ನೋಡಿ. ಎಷ್ಟೋ ಸಲ ಹೇಳುವುದಿಲ್ಲ. ಮೊದಲನೆಯದರಲ್ಲಿ "ಬಿದ್ದರು, ತೊಡೆಮೂಳೆ ಮುರಿತ" ಅಂತ, ಎರಡನೆಯದರಲ್ಲಿ "ಲೈಟಿಕ್ ಲೀಷನ್ (ಮೂಳೆ ಕರಗಿದ ಜಾಗ) ಮೂಲಕ ಮುರಿದಿದೆ" ಅಂತ, ಮೂರನೆಯದರಲ್ಲಿ "ಕೊರೆದಾಗ ಬಂದ ಚೂರನ್ನು ಪ್ಯಾಥಾಲಜಿಗೆ ಕಳಿಸಿದೆ" ಅಂತ, ಕೊನೆಯಲ್ಲಿ ಮತ್ತೆ ಬರೀ "ಫೀಮರ್ ಫ್ರಾಕ್ಚರ್, ನೈಲ್ (ಮೂಳೆಯೊಳಗೆ ಲೋಹದ ಸರಳು) ಹಾಕಲಾಗಿದೆ". ಇಂಥ ಚಾರ್ಟ್ ಕಂಡರೆ ನಿಲ್ಲಿ.

ಹೇಗೆ ಮುರಿಯಿತು ಅನ್ನುವ ಒಂದು ಮಾತು ಬಹಳ ಹೇಳುತ್ತದೆ. ಕೆಮ್ಮಿದಾಗ ಪಕ್ಕೆಲುಬು ಮುರಿದಿದೆ. ಕುರ್ಚಿಯಿಂದ ಏಳುವಾಗ ತೊಡೆ ಮುರಿದಿದೆ. ಹಾಲಿನ ಕ್ಯಾನ್ ಎತ್ತಿದಾಗ ತೋಳು ಮುರಿದಿದೆ. ಮುರಿಯುವ ಮೊದಲೇ ವಾರಗಟ್ಟಲೆ ಅದೇ ಜಾಗದಲ್ಲಿ ನೋವಿತ್ತು, ರಾತ್ರಿ ಜಾಸ್ತಿಯಾಗುತ್ತಿತ್ತು. ಗಟ್ಟಿ ಮೂಳೆ ಸಾಮಾನ್ಯವಾಗಿ ಹೀಗೆಲ್ಲ ಮುರಿಯುವುದಿಲ್ಲ. ಈ ಸಾಲುಗಳನ್ನು ಕಂಡಲ್ಲೇ ಪುಟದ ನಂಬರ್ ಸಮೇತ ಬರೆದಿಟ್ಟುಕೊಳ್ಳಿ, ಕ್ವೆರಿ, ಅಂದರೆ ಡಾಕ್ಟರ್‌ಗೆ ಬರೆದು ಕೇಳುವ ಪ್ರಶ್ನೆ, ಕಳಿಸುವಾಗ ಬೇಕಾಗುತ್ತವೆ.

ರೇಡಿಯಾಲಜಿ ವರದಿ ಬಗ್ಗೆ ಒಂದು ಮಾತು. ಇನ್‌ಪೇಷಂಟ್ ಕೋಡಿಂಗ್‌ನಲ್ಲಿ ರೇಡಿಯಾಲಜಿಸ್ಟ್ "ಮೆಟಾಸ್ಟಾಟಿಕ್" (ಬೇರೆ ಕಡೆಗೆ ಹಬ್ಬಿದ ಕ್ಯಾನ್ಸರ್) ಅಂದರು ಅಂತ ಅಷ್ಟರಿಂದಲೇ ಕಾಯಿಲೆಗೆ ಕೋಡ್ ಹಾಕುವ ಹಾಗಿಲ್ಲ, ರೋಗಿಯನ್ನು ನೋಡಿಕೊಳ್ಳುವ ಡಾಕ್ಟರ್ ಅದನ್ನು ಬರೆಯಬೇಕು. ಬಯಾಪ್ಸಿ ವರದಿಗೂ ಇದೇ ಮಾತು. ಆದರೆ ಡಾಕ್ಟರ್ "ಫೀಮರ್ ಫ್ರಾಕ್ಚರ್" ಅಂತ ಬರೆದಾಗಿದೆ, ಮೂಳೆಯ ಯಾವ ಭಾಗ ಅಂತ ಮಾತ್ರ ಎಕ್ಸ್‌ರೇಯಲ್ಲಿದೆ ಅಂದರೆ ಆ ಹೆಚ್ಚಿನ ವಿವರ ತೆಗೆದುಕೊಳ್ಳಬಹುದು. ಈ ಎರಡರ ನಡುವಿನ ಗೆರೆ ಹೊಸಬರಿಗೆ ಮಸುಕಾಗಿ ಕಾಣುತ್ತದೆ. ಕಾಯಿಲೆಯ ಹೆಸರು ಡಾಕ್ಟರ್‌ದು, ಜಾಗದ ವಿವರ ಎಕ್ಸ್‌ರೇಯಿಂದ ಬಂದರೂ ನಡೆಯುತ್ತದೆ ಅಂತ ನೆನಪಿಟ್ಟುಕೊಳ್ಳಿ.

ಕಾರಣ ಹೇಳಬೇಕಾದವರು ಡಾಕ್ಟರ್

ರೋಗಿಗೆ ಕ್ಯಾನ್ಸರ್ ಇದೆ. ರೋಗಿಗೆ ಮುರಿತವೂ ಇದೆ. ಅಷ್ಟಕ್ಕೇ ಎಂ84.5 ಆಗುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರು ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಳ್ಳಬಹುದು, ಅಲ್ವಾ? ಅದು ಪೆಟ್ಟಿನ ಮುರಿತವೇ. ಹಾಗೆಯೇ ಸಣ್ಣಗೆ ಜಾರಿ ಕೂತರು ಅನ್ನುವ ಕಾರಣಕ್ಕೆ ಎಸ್ ಕೋಡ್ ಹಾಕುವುದೂ ತಪ್ಪಾಗಬಹುದು, ಮೊದಲೇ ಗಡ್ಡೆ ತಿಂದ ಮೂಳೆಗೆ ಆ ಜಾರುವುದು ಬರೀ ನೆಪ. ಆಸ್ಟಿಯೋಪೊರೋಸಿಸ್ ವಿಷಯದಲ್ಲಿ ಕೋಡಿಂಗ್ ಗೈಡ್‌ಲೈನ್ ಇದನ್ನು ಬಾಯಿಬಿಟ್ಟು ಹೇಳುತ್ತದೆ: ಗಟ್ಟಿ ಮೂಳೆಯನ್ನು ಮುರಿಯದಂಥ ಸಣ್ಣ ಪೆಟ್ಟಾದರೆ ಎಂ80 ಹಾಕಿ, ಪೆಟ್ಟಿನ ಕೋಡ್ ಬೇಡ ಅಂತ. ಗಡ್ಡೆಯ ವಿಷಯದಲ್ಲಿ ಡಾಕ್ಟರ್ ಕೈಬರಹವೇ ನಮಗೆ ಆಧಾರ.

ತುಂಬಾ ಕಷ್ಟದ ಜಾಗ ಇದು: ಸ್ತನ ಕ್ಯಾನ್ಸರ್ ಆಗಿ ಲೆಟ್ರೋಜೋಲ್ ಥರದ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರ ಮೂಳೆ ಆ ಮಾತ್ರೆಯಿಂದಲೇ ಸವೆದಿರುತ್ತದೆ. ಅವರಿಗೆ ಬೆನ್ನುಮೂಳೆ ಕುಸಿದರೆ ಸವೆತವೋ, ಹಬ್ಬಿದ ಕ್ಯಾನ್ಸರೋ? ಕೆಲವೊಮ್ಮೆ ಸ್ಕ್ಯಾನ್ ನೋಡಿದ ಡಾಕ್ಟರ್‌ಗೇ ತಕ್ಷಣ ಹೇಳಲು ಆಗುವುದಿಲ್ಲ. ಇನ್ನೊಂದು ಇದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಮೂಳೆಗೆ ಹಬ್ಬಿದ ಕ್ಯಾನ್ಸರ್‌ಗೆ ಮೂಳೆ ಉಳಿಸಲೆಂದು ಜೋಲೆಡ್ರೋನಿಕ್ ಆಸಿಡ್ ಅಥವಾ ಡೆನೋಸುಮ್ಯಾಬ್ ಕೊಡುತ್ತಾರೆ. ಬಹಳ ಕಾಲ ತೆಗೆದುಕೊಂಡವರಲ್ಲಿ ಅಪರೂಪಕ್ಕೆ ತೊಡೆಮೂಳೆಯ ಮೇಲ್ಭಾಗ ಅಥವಾ ನಡುಭಾಗ ಅಡ್ಡಕ್ಕೆ ಸೀಳಿದಂತೆ ಮುರಿಯುತ್ತದೆ. ಅದಕ್ಕೆ ಎಟಿಪಿಕಲ್ ಫೀಮರ್ ಫ್ರಾಕ್ಚರ್ ಅಂತ ಹೆಸರು, ಕೋಡ್ ಎಂ84.75. ಗಡ್ಡೆಯಿಂದ ಮುರಿದದ್ದಲ್ಲ, ಔಷಧದ ಅಡ್ಡಪರಿಣಾಮ. ಅದೇ ರೋಗಿ, ಅದೇ ತೊಡೆ, ಕೋಡ್ ಬೇರೆ.

"ಇರಬಹುದು" ಅನ್ನುವ ಪದಕ್ಕೂ ನಿಯಮ ಇದೆ. ಆಸ್ಪತ್ರೆಯ ಇನ್‌ಪೇಷಂಟ್ ಬಿಲ್‌ಗೆ, ಡಿಸ್‌ಚಾರ್ಜ್ ಹೊತ್ತಿಗೂ ಡಾಕ್ಟರ್ "ಪ್ರಾಬಬಲ್" ಅಥವಾ "ಸಸ್ಪೆಕ್ಟೆಡ್" ಅಂತಲೇ ಬರೆದಿದ್ದರೆ ಇದೆ ಅಂತಲೇ ತಿಳಿದು ಕೋಡ್ ಹಾಕುತ್ತೇವೆ. ಔಟ್‌ಪೇಷಂಟ್ ಮತ್ತು ಡಾಕ್ಟರ್ ಬಿಲ್‌ನಲ್ಲಿ ಹಾಗಿಲ್ಲ. ಅಲ್ಲಿ ಖಚಿತವಾಗಿ ಗೊತ್ತಿರುವಷ್ಟಕ್ಕೇ ಕೋಡ್. ಎರಡೂ ಬಗೆಯ ಚಾರ್ಟ್ ಮಾಡುವವರು ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ತಂದು ಸಿಕ್ಕಿಹಾಕಿಕೊಳ್ಳುತ್ತಾರೆ.

ಗೊತ್ತಾಗದಿದ್ದರೆ ಕೇಳಿ: ಕ್ವೆರಿ

ಕ್ವೆರಿ ಕಳಿಸುವುದಕ್ಕೆ ಹಿಂಜರಿಯುವವರನ್ನು ದಿನಾ ನೋಡುತ್ತೇನೆ. ಟಾರ್ಗೆಟ್ ಇರುತ್ತದೆ, ಚಾರ್ಟ್ ಹೋಲ್ಡ್ ಆಗುತ್ತದೆ, ಟೀಮ್ ಲೀಡ್ ಕೇಳುತ್ತಾರೆ. ಆದರೂ ಕಳಿಸಿ. ಊಹೆ ಮಾಡಿ ಹಾಕಿದ ಕೋಡ್ ಆರು ತಿಂಗಳ ಮೇಲೆ ಡಿನಯಲ್ (ಕ್ಲೇಮ್ ತಿರಸ್ಕಾರ) ಆಗಿ ಬಂದಾಗ ಅದನ್ನು ಬಿಡಿಸುವುದಕ್ಕೆ ಹಿಡಿಯುವ ಹೊತ್ತು ಒಂದು ಕ್ವೆರಿಗಿಂತ ಎಷ್ಟೋ ಜಾಸ್ತಿ.

ಕ್ವೆರಿಯಲ್ಲಿ ಉತ್ತರವನ್ನು ನಾವೇ ಡಾಕ್ಟರ್ ಬಾಯಿಗೆ ಇಡಬಾರದು. "ಇದು ಮೆಟಾಸ್ಟಾಸಿಸ್‌ನಿಂದ ಆದ ಮುರಿತ ಅಂತ ದಯವಿಟ್ಟು ಬರೆಯಿರಿ" ಅನ್ನುವುದು ತಪ್ಪು. ಇದರಿಂದ ದುಡ್ಡು ಹೆಚ್ಚು ಬರುತ್ತದೆ ಅಂತ ಸೂಚಿಸುವುದು ಅದಕ್ಕಿಂತ ದೊಡ್ಡ ತಪ್ಪು. ಚಾರ್ಟ್‌ನಲ್ಲಿರುವ ಸಂಗತಿಗಳನ್ನು ಇಟ್ಟು, ಆಯ್ಕೆ ಕೊಟ್ಟು, ಸುಮ್ನೆ ಕೇಳಬೇಕು. ಆ ಎಡತೊಡೆಯ ಚಾರ್ಟ್‌ಗೆ ಈಗ ನಾನು ಕ್ವೆರಿ ಬರೆದರೆ, ಇಂಗ್ಲಿಷಿನಲ್ಲಿ ಹೋಗುವುದಾದರೂ ಒಳಗಿನ ಮಾತು ಇಷ್ಟು:

"62 ವರ್ಷದ ರೋಗಿ, ಎಡ ಸ್ತನ ಕ್ಯಾನ್ಸರ್‌ಗೆ ಹಿಂದೆ ಆಪರೇಷನ್ ಮಾಡಿ ಆ ಸ್ತನ ಪೂರ್ತಿ ತೆಗೆದಿದ್ದಾರೆ, ಲೆಟ್ರೋಜೋಲ್ ತೆಗೆದುಕೊಳ್ಳುತ್ತಿದ್ದಾರೆ. ಹಾಸಿಗೆಯಲ್ಲಿ ಮಗ್ಗುಲಾಗುವಾಗ ಎಡತೊಡೆ ಮುರಿದಿದೆ (ನರ್ಸ್ ನೋಟ್). ಎಕ್ಸ್‌ರೇಯಲ್ಲಿ ಸಬ್‌ಟ್ರೋಕ್ಯಾಂಟರ್ ಭಾಗದಲ್ಲಿ (ತೊಡೆಮೂಳೆಯ ಮೇಲ್ತುದಿಯ ಸ್ವಲ್ಪ ಕೆಳಗೆ) ಲೈಟಿಕ್ ಲೀಷನ್. ಕೊರೆದ ಚೂರಿನ ಪ್ಯಾಥಾಲಜಿ ವರದಿಯಲ್ಲಿ ಸ್ತನದ ಮೂಲದ ಕಾರ್ಸಿನೋಮಾ. ಡಿಸ್‌ಚಾರ್ಜ್ ಸಮರಿಯಲ್ಲಿ 'ಎಡ ಫೀಮರ್ ಫ್ರಾಕ್ಚರ್' ಅಂತ ಇದೆ. ನಿಮ್ಮ ವೈದ್ಯಕೀಯ ತೀರ್ಮಾನದ ಪ್ರಕಾರ ಈ ಮುರಿತದ ಬಗೆ ಮತ್ತು ಕಾರಣವನ್ನು ದಾಖಲಿಸಿ: ಪೆಟ್ಟಿನಿಂದ ಆದ ಮುರಿತ, ಗಡ್ಡೆಯಿಂದ ಆದ ಪ್ಯಾಥಲಾಜಿಕಲ್ ಮುರಿತ (ಗಡ್ಡೆ ಯಾವುದು ಅಂತ ತಿಳಿಸಿ), ಆಸ್ಟಿಯೋಪೊರೋಸಿಸ್‌ನಿಂದ ಆದ ಮುರಿತ, ಔಷಧಕ್ಕೆ ಸಂಬಂಧಿಸಿದ ಎಟಿಪಿಕಲ್ ಮುರಿತ, ಬೇರೆ, ಹೇಳಲು ಸಾಧ್ಯವಿಲ್ಲ."

ಕೊನೆಯ ಎರಡು ಆಯ್ಕೆ ಬಿಡಲೇಬೇಡಿ. ಡಾಕ್ಟರ್ "ಹೇಳಲು ಸಾಧ್ಯವಿಲ್ಲ" ಅಂದರೆ ಅದೂ ಉತ್ತರವೇ.

ಗಡ್ಡೆಯ ಕೋಡ್: ಮೂಲ ಎಲ್ಲಿ, ಹಬ್ಬಿದ್ದು ಎಲ್ಲಿಗೆ

ಎಂ84.5ರ ಕೆಳಗೆ "ಗಡ್ಡೆಯ ಕೋಡನ್ನೂ ಹಾಕಿ" ಅನ್ನುವ ಸೂಚನೆ ಇದೆ. ಒಂಟಿಯಾಗಿ ಹೋದ ಎಂ84.5 ಅರ್ಧ ಕಥೆ.

ಮೂಳೆಗೆ ಬೇರೆ ಕಡೆಯಿಂದ ಹಬ್ಬಿದ ಕ್ಯಾನ್ಸರ್‌ಗೆ ಸಿ79.51. ಮೂಳೆಮಜ್ಜೆಗೆ ಹಬ್ಬಿದರೆ ಸಿ79.52, ಇವೆರಡನ್ನು ಅದಲುಬದಲು ಮಾಡಬೇಡಿ. ಜೊತೆಗೆ ಮೂಲದ ಕೋಡ್: ಸ್ತನ ಸಿ50, ಶ್ವಾಸಕೋಶ ಸಿ34, ಪ್ರಾಸ್ಟೇಟ್ ಸಿ61, ಮೂತ್ರಪಿಂಡ ಸಿ64, ಥೈರಾಯ್ಡ್ ಸಿ73. ಮೂಳೆಗೆ ಹಬ್ಬುವುದರಲ್ಲಿ ಈ ಐದು ಹೆಸರು ಮತ್ತೆ ಮತ್ತೆ ಬರುತ್ತವೆ. ಮೂಲ ಎಲ್ಲಿ ಅಂತ ಹುಡುಕಿಯೂ ಸಿಗದಿದ್ದರೆ ಸಿ80.1. ಮೂಳೆಯಲ್ಲೇ ಹುಟ್ಟಿದ ಕ್ಯಾನ್ಸರ್, ಉದಾಹರಣೆಗೆ ಆಸ್ಟಿಯೋಸಾರ್ಕೋಮಾ, ಅದು ಸಿ40 ಅಥವಾ ಸಿ41.

"ಮೆಟಾಸ್ಟಾಟಿಕ್ ಬೋನ್ ಕ್ಯಾನ್ಸರ್" ಅಂತ ಬರೆದಿದ್ದರೆ ಜೋಪಾನ. ಮೂಳೆಗೆ ಹಬ್ಬಿತಾ, ಮೂಳೆಯಿಂದ ಹಬ್ಬಿತಾ? ಈ ಮೂರು ಪದದಿಂದ ಗೊತ್ತಾಗುವುದಿಲ್ಲ. ಉಳಿದ ಚಾರ್ಟ್ ಹೇಳದಿದ್ದರೆ ಕೇಳಬೇಕು.

ಮೈಲೋಮಾ ಬೇರೆಯೇ ಲೆಕ್ಕ. ಅದು ರಕ್ತದ ಕಡೆಯ ಕ್ಯಾನ್ಸರ್ ಆದರೂ ಮೂಳೆಯನ್ನು ತೂತು ತೂತು ಮಾಡುವುದು ಅದರ ಸ್ವಭಾವವೇ, ಹಬ್ಬಿದ್ದು ಅಂತ ಲೆಕ್ಕಕ್ಕಿಲ್ಲ. ಹಾಗಾಗಿ ಸಿ79.51 ಬೇಡ. ಸಿ90.0 ಗುಂಪು ಸಾಕು, ಕೊನೆಯ ಅಂಕಿಯಲ್ಲಿ ಹತೋಟಿಗೆ ಬಂದಿಲ್ಲ ಅಂದರೆ 0, ಹತೋಟಿಯಲ್ಲಿದೆ ಅಂದರೆ 1, ಮರುಕಳಿಸಿದೆ ಅಂದರೆ 2. ನನ್ನ ಕೈಗೆ ಬರುವ ಆಡಿಟ್ ತಪ್ಪುಗಳಲ್ಲಿ ಮೈಲೋಮಾ ಜೊತೆ ಸಿ79.51 ಅಂಟಿಸಿರುವುದು ತುಂಬಾ ಸಲ ಸಿಗುತ್ತದೆ.

ಈಗ ಹಳೇ ಕ್ಯಾನ್ಸರ್ ಪ್ರಶ್ನೆ. ಸ್ತನ ತೆಗೆದಾಗಿದೆ, ಆ ಜಾಗದಲ್ಲಿ ಕಾಯಿಲೆಯ ಸುಳಿವಿಲ್ಲ, ಅದಕ್ಕೆ ಚಿಕಿತ್ಸೆಯೂ ನಡೆಯುತ್ತಿಲ್ಲ ಅಂದರೆ ಸಿ50 ಅಲ್ಲ, ಜೆಡ್85.3, ಅಂದರೆ ಹಿಂದೆ ಸ್ತನ ಕ್ಯಾನ್ಸರ್ ಇತ್ತು ಅನ್ನುವ ಕೋಡ್. ಮೂಳೆಗೆ ಹಬ್ಬಿದ್ದು ಆಗಲೂ ಸಿ79.51 ಆಗಿಯೇ ಇರುತ್ತದೆ. ಹಾಗಾದರೆ ಲೆಟ್ರೋಜೋಲ್? ಅದನ್ನು ಚಿಕಿತ್ಸೆಗೆ ಕೊಡುತ್ತಿದ್ದರೆ ಮೂಲ ಕ್ಯಾನ್ಸರ್ ಇನ್ನೂ ಚಾಲ್ತಿಯಲ್ಲಿದೆ ಅಂತ ಸಿ50, ಮತ್ತೆ ಬಾರದಿರಲಿ ಅಂತ ತಡೆಗೆ ಕೊಡುತ್ತಿದ್ದರೆ ಜೆಡ್85.3. ಮಾತ್ರೆ ಒಂದೇ, ಉದ್ದೇಶ ಬೇರೆ, ಉದ್ದೇಶ ಬರೆಯಬೇಕಾದವರು ಡಾಕ್ಟರ್. ಎರಡರಲ್ಲೂ ಮಾತ್ರೆಗೆ ಜೆಡ್79.811 ಸೇರಿಸಿ, ಎಡ ಸ್ತನ ಪೂರ್ತಿ ತೆಗೆದಿದ್ದರೆ ಜೆಡ್90.12.

ಯಾವ ಮೂಳೆ, ಯಾವ ಕಡೆ

ಐದನೇ ಅಂಕಿ ಜಾಗ ಹೇಳುತ್ತದೆ. ಎಂ84.51 ಭುಜ, 52 ತೋಳಿನ ಹ್ಯೂಮರಸ್, 53 ಮುಂಗೈಯ ಎರಡು ಮೂಳೆ, 54 ಕೈ, 55 ಸೊಂಟದ ಮೂಳೆ ಮತ್ತು ಫೀಮರ್, 56 ಮೊಣಕಾಲ ಕೆಳಗಿನ ಎರಡು ಮೂಳೆ, 57 ಕಾಲಗಿಣ್ಣು ಮತ್ತು ಪಾದ, 58 ಬೇರೆ ಜಾಗ. ಬೆನ್ನುಮೂಳೆ ಬರುವುದು ಈ 58ರಲ್ಲೇ. ಬೇರೆ ಕಡೆ ಹುಡುಕಿ ಸುಸ್ತಾಗಬೇಡಿ.

ಆರನೆಯದು ಸಾಮಾನ್ಯವಾಗಿ ಬಲ, ಎಡ. ಬಲ ಫೀಮರ್ ಎಂ84.551, ಎಡ ಫೀಮರ್ ಎಂ84.552, ಪೆಲ್ವಿಸ್ ಎಂ84.550. ಹ್ಯೂಮರಸ್‌ನ ಮೇಲ್ತುದಿ ಮುರಿದರೆ ಅದು ಭುಜದ ಹತ್ತಿರವೇ ಆದರೂ ಭುಜದ ಕೋಡ್ ಅಲ್ಲ. ಮೂಳೆಯ ತುದಿಯಲ್ಲಿ ಆದದ್ದಕ್ಕೆ ಕೀಲಿನ ಹೆಸರಲ್ಲ, ಮೂಳೆಯ ಹೆಸರು. ತೊಡೆಮೂಳೆಯ ಕುತ್ತಿಗೆ ಮುರಿದರೂ ಹೀಗೇ, ಫೀಮರ್.

58ಕ್ಕೆ ಆರನೇ ಅಂಕಿ ಇಲ್ಲ, ಏಳನೇ ಅಕ್ಷರ ಮಾತ್ರ ಬೇಕು, ಹಾಗಾಗಿ ನಡುವಿನ ಖಾಲಿ ಜಾಗ ತುಂಬಲು ಎಕ್ಸ್: ಎಂ84.58ಎಕ್ಸ್‌ಎ. ಎರಡು ಮೂರು ಬೆನ್ನುಮೂಳೆ ಕುಸಿದಿದ್ದರೂ ಈ ಕೋಡ್ ಒಂದೇ ಸಲ, ಒಂದು ಭೇಟಿಯಲ್ಲಿ ಒಂದು ಕೋಡನ್ನು ಎರಡು ಸಲ ಬರೆಯುವ ಹಾಗಿಲ್ಲ. ಎರಡೂ ತೊಡೆ ಮುರಿದಿದ್ದರೆ 551, 552 ಎರಡೂ ಬರುತ್ತವೆ, ಅವು ಬೇರೆ ಬೇರೆ ಕೋಡ್.

ಏಳನೇ ಅಕ್ಷರ

ಎ ಅಂದರೆ "ಮೊದಲ ಭೇಟಿ" ಅಂತ ಪುಸ್ತಕದಲ್ಲಿ ಇರುವುದೇ ಎಲ್ಲ ಗೊಂದಲಕ್ಕೂ ಮೂಲ. ಅದನ್ನು "ಮುರಿತಕ್ಕೆ ಚಿಕಿತ್ಸೆ ನಡೆಯುತ್ತಿದೆ" ಅಂತ ಓದಿಕೊಳ್ಳಿ. ಎಮರ್ಜೆನ್ಸಿಯಲ್ಲಿ ಎ. ಮಾರನೇ ದಿನ ಬೇರೆ ಆಸ್ಪತ್ರೆಯಲ್ಲಿ ಬೇರೆ ಡಾಕ್ಟರ್ ನೈಲ್ ಹಾಕಿದರೂ ಎ. ಹೊಸ ಡಾಕ್ಟರ್ ಮೊದಲ ಸಲ ನೋಡುತ್ತಿದ್ದಾರೆ, ಆದರೆ ಚಿಕಿತ್ಸೆ ಮುಗಿದು ಮೂಳೆ ಕೂಡುತ್ತಿದೆಯಾ ಅಂತ ನೋಡುವ ಭೇಟಿ ಅದು ಅಂದರೆ ಡಿ. ಕೂಡುವುದು ತಡವಾದರೆ ಜಿ, ಕೂಡಲೇ ಇಲ್ಲ ಅಂದರೆ ಕೆ, ವಕ್ರವಾಗಿ ಕೂಡಿದರೆ ಪಿ, ಹಳೇ ಮುರಿತದ ಉಳಿಕೆ ತೊಂದರೆಗೆ ಎಸ್.

ಗಡ್ಡೆ ಇರುವ ಮೂಳೆ ಮಾಮೂಲಿ ಮೂಳೆಯಂತೆ ಕೂಡುವುದಿಲ್ಲ, ಹಾಗಾಗಿ ಜಿ, ಕೆ ಈ ರೋಗಿಗಳಲ್ಲಿ ನಿಜವಾಗಿ ಬರುತ್ತವೆ. ಫಾಲೋ-ಅಪ್ ಅಂತ ಕಂಡ ತಕ್ಷಣ ಡಿ ಒತ್ತಬೇಡಿ, "ನಾನ್ ಯೂನಿಯನ್" (ಮೂಳೆ ಕೂಡಿಲ್ಲ) ಅನ್ನುವ ಪದ ಇದೆಯಾ ಹುಡುಕಿ. ಇನ್ನೊಂದು, ಮುರಿತದ ಫಾಲೋ-ಅಪ್‌ಗೆ ಜೆಡ್ ಗುಂಪಿನ ಆಫ್ಟರ್‌ಕೇರ್ ಕೋಡ್ ಹಾಕಬಾರದು. ಆ ಕೆಲಸವನ್ನು ಏಳನೇ ಅಕ್ಷರವೇ ಮಾಡುತ್ತದೆ. ಹಾಕಿದ ನೈಲ್ ಮುರಿದು ಬಂದರೆ ಅದು ಇಂಪ್ಲಾಂಟ್ ತೊಂದರೆ, ಟಿ84 ಕಡೆ ನೋಡಿ.

ಯಾವುದು ಮೊದಲು

ಇದಕ್ಕೆ ಗೈಡ್‌ಲೈನ್‌ನಲ್ಲಿ ನೇರ ಉತ್ತರ ಇದೆ, ಎರಡನೇ ಅಧ್ಯಾಯದ ಗಡ್ಡೆಗಳ ಭಾಗದಲ್ಲಿ. ಆ ಸಲದ ಚಿಕಿತ್ಸೆ ಮುರಿತಕ್ಕೆ ಅಂದರೆ ಎಂ84.5 ಮೊದಲು, ಗಡ್ಡೆ ಆಮೇಲೆ. ಚಿಕಿತ್ಸೆ ಗಡ್ಡೆಗೆ, ಜೊತೆಗೆ ಮುರಿತವೂ ಇದೆ ಅಂದರೆ ಗಡ್ಡೆ ಮೊದಲು, ಎಂ84.5 ಆಮೇಲೆ. ಎಷ್ಟು ದೊಡ್ಡ ಕಾಯಿಲೆ ಅನ್ನುವುದರ ಮೇಲೆ ಸಾಲು ನಿಲ್ಲುವುದಿಲ್ಲ. ಕ್ಯಾನ್ಸರ್ ಮುಂದೆ ಮೂಳೆ ಮುರಿತ ಸಣ್ಣದು ಅನ್ನಿಸಿ ಸಿ ಕೋಡನ್ನು ಮೇಲಕ್ಕೆ ತಳ್ಳುವವರಿದ್ದಾರೆ, ಅದು ನಮ್ಮ ತೀರ್ಮಾನ ಅಲ್ಲ.

ಆ ಹೆಂಗಸಿನ ಚಾರ್ಟ್ ತೆಗೆದುಕೊಳ್ಳಿ. ಡಾಕ್ಟರ್ "ಸ್ತನ ಕ್ಯಾನ್ಸರ್ ಮೂಳೆಗೆ ಹಬ್ಬಿ ಆದ ಎಡ ಫೀಮರ್ ಪ್ಯಾಥಲಾಜಿಕಲ್ ಫ್ರಾಕ್ಚರ್, ಲೆಟ್ರೋಜೋಲ್ ಚಿಕಿತ್ಸೆ ನಡೆಯುತ್ತಿದೆ" ಅಂತ ಬರೆದರು ಅಂತಿಟ್ಟುಕೊಳ್ಳೋಣ. ನೈಲ್ ಹಾಕಿದ ಅಡ್ಮಿಷನ್‌ಗೆ ಎಂ84.552ಎ, ಸಿ79.51, ಸಿ50.912, ಜೆಡ್90.12, ಜೆಡ್79.811. ಕೆಲವು ವಾರ ಬಿಟ್ಟು ಆ ತೊಡೆಗೆ ರೇಡಿಯೇಷನ್ ಕೊಡಲೆಂದೇ ಬಂದರೆ ರೇಡಿಯೇಷನ್‌ಗೆ ಬಂದದ್ದು ಅನ್ನುವ ಜೆಡ್51.0 ಮೊದಲು, ಆಮೇಲೆ ಸಿ79.51, ಮುರಿತದ ಕೋಡ್ ಅದರ ಹಿಂದೆ, ಏಳನೇ ಅಕ್ಷರ ಆಗಿನ ಹಂತಕ್ಕೆ ತಕ್ಕಂತೆ. ಬರೀ ನೋವು ಕಡಿಮೆ ಮಾಡಲೆಂದೇ ಅಡ್ಮಿಟ್ ಆದರೆ, ಕ್ಯಾನ್ಸರ್‌ನ ನೋವು ಅಂತ ಬರೆದಿದ್ದರೆ ಜಿ89.3 ಮೊದಲು ಬರುತ್ತದೆ.

ಆಸ್ಪತ್ರೆಯ ಇನ್‌ಪೇಷಂಟ್ ಚಾರ್ಟ್‌ನಲ್ಲಿ ಪಿಓಎ, ಅಂದರೆ ಅಡ್ಮಿಟ್ ಆಗುವಾಗಲೇ ಆ ತೊಂದರೆ ಇತ್ತಾ ಅನ್ನುವ ಗುರುತು, ಮರೆಯಬೇಡಿ. ರೋಗಿ ಬೇರೆ ಕಾರಣಕ್ಕೆ ಅಡ್ಮಿಟ್ ಆಗಿ ನಾಲ್ಕನೇ ದಿನ ವಾರ್ಡ್‌ನಲ್ಲಿ ಮಗ್ಗುಲಾಗುವಾಗ ಮೂಳೆ ಮುರಿದರೆ ಅಲ್ಲಿ ಎನ್ ಬರುತ್ತದೆ, ವೈ ಅಲ್ಲ.

ಇನ್ನೂ ಮುರಿದಿಲ್ಲ, ಮುರಿಯುವ ಹಾಗಿದೆ

"ಇಂಪೆಂಡಿಂಗ್ ಫ್ರಾಕ್ಚರ್" ಅಂತ ಬರೆದಿರುತ್ತಾರೆ. ಗಡ್ಡೆ ಮೂಳೆಯನ್ನು ಎಷ್ಟು ತಿಂದಿದೆ ಅಂತ ನೋಡಲು ಡಾಕ್ಟರ್‌ಗಳು 1989ರಲ್ಲಿ ಬಂದ ಮಿರೆಲ್ಸ್ ಸ್ಕೋರ್ ಬಳಸುತ್ತಾರೆ. ಜಾಗ, ನೋವು, ಗಡ್ಡೆಯ ಬಗೆ, ಅಳತೆ, ಈ ನಾಲ್ಕಕ್ಕೆ ಒಂದರಿಂದ ಮೂರು ಅಂಕ. ಒಟ್ಟು 12ಕ್ಕೆ 9 ಅಥವಾ ಜಾಸ್ತಿ ಬಂದರೆ ಮುರಿಯುವ ಮೊದಲೇ ನೈಲ್ ಹಾಕುವುದು ಒಳ್ಳೆಯದು ಅಂತ ಸಲಹೆ. ಚಾರ್ಟ್‌ನಲ್ಲಿ "ಮಿರೆಲ್ಸ್ 10" ಅಂತ ಕಂಡರೆ ಅರ್ಥ ಇಷ್ಟು.

ಮುರಿಯದ ಮೂಳೆಗೆ ಮುರಿತದ ಕೋಡ್ ಇಲ್ಲ. ಇಂಡೆಕ್ಸ್‌ನಲ್ಲಿ "ಇಂಪೆಂಡಿಂಗ್" ಕೆಳಗೆ ಫ್ರಾಕ್ಚರ್ ಸಿಗುವುದಿಲ್ಲ, ಆಗ ಒಳಗಿರುವ ಕಾಯಿಲೆಗೆ ಮಾತ್ರ ಕೋಡ್, ಇಲ್ಲಿ ಸಿ79.51. ಡಾಕ್ಟರ್ ಮಾಡಿದ ಆಪರೇಷನ್‌ಗೆ ಹಾಕುವ ಸಿಪಿಟಿ ಕೋಡ್‌ನಲ್ಲೂ ಬೇರೆ ಸಾಲು: ಫೀಮರ್‌ನ ಕುತ್ತಿಗೆ ಮತ್ತು ಮೇಲ್ಭಾಗಕ್ಕೆ ಮುಂಜಾಗ್ರತೆಯ ನೈಲ್ 27187, ಉಳಿದ ಫೀಮರ್‌ಗೆ 27495, ಹ್ಯೂಮರಸ್‌ಗೆ 24498. ನಿಜವಾಗಿ ಮುರಿದ ಸಬ್‌ಟ್ರೋಕ್ಯಾಂಟರ್ ಭಾಗಕ್ಕೆ ನೈಲ್ ಹಾಕಿದರೆ 27245. ಎಂ84.552ಎ ಜೊತೆ 27187 ಹೋದರೆ ಒಂದು ಮುರಿದಿದೆ ಅನ್ನುತ್ತದೆ, ಇನ್ನೊಂದು ಮುರಿದಿಲ್ಲ ಅನ್ನುತ್ತದೆ, ಕ್ಲೇಮ್ ಅಲ್ಲೇ ನಿಲ್ಲುತ್ತದೆ. ಆಸ್ಪತ್ರೆಯ ಇನ್‌ಪೇಷಂಟ್ ಆಪರೇಷನ್‌ಗೆ ಹಾಕುವ ಪಿಸಿಎಸ್‌ನಲ್ಲೂ ಹೀಗೇ: ಜರುಗಿದ ಮೂಳೆಯನ್ನು ಜಾಗಕ್ಕೆ ತಂದರೆ ರೀಪೊಸಿಷನ್, ಜರುಗದ ಮೂಳೆಗೆ ಸುಮ್ನೆ ನೈಲ್ ಇಟ್ಟರೆ ಇನ್ಸರ್ಷನ್.

ಡಾಕ್ಟರ್‌ಗಳೇ, ನಿಮಗೂ ಒಂದು ಮಾತು

ಓದುವವರಲ್ಲಿ ಆರ್ಥೋ ಅಥವಾ ಆಂಕಾಲಜಿ ರೆಸಿಡೆಂಟ್‌ಗಳಿದ್ದರೆ, ನೀವು ಬರೆಯುವ ಒಂದೇ ಸಾಲು ನಮ್ಮ ಅರ್ಧ ಗಂಟೆ ಉಳಿಸುತ್ತದೆ. ಯಾವ ಮೂಳೆ, ಯಾವ ಕಡೆ, ಯಾವ ಭಾಗ, ಪ್ಯಾಥಲಾಜಿಕಲ್ ಹೌದೋ ಅಲ್ಲವೋ, "ಯಾವುದರಿಂದ", ಮೂಲ ಕ್ಯಾನ್ಸರ್ ಎಲ್ಲಿ, ಅದಕ್ಕೆ ಈಗ ಚಿಕಿತ್ಸೆ ನಡೆಯುತ್ತಿದೆಯಾ. "ಸಿ.ಎ. ಬ್ರೆಸ್ಟ್, ಫೀಮರ್ ಫ್ರಾಕ್ಚರ್" ಅಂತ ಪಕ್ಕಪಕ್ಕ ಬರೆದರೆ ನಿಮ್ಮ ತಲೆಯಲ್ಲಿರುವ ಸಂಬಂಧ ಕಾಗದದ ಮೇಲೆ ಬರುವುದಿಲ್ಲ. ನಡುವೆ "ಡ್ಯೂ ಟು" ಅನ್ನುವ ಎರಡು ಪದ ಬೇಕು. ಡಿಸ್‌ಚಾರ್ಜ್ ದಿನ ಬಯಾಪ್ಸಿ ಬಂದಿರದಿದ್ದರೆ, ಬಂದ ಮೇಲೆ ಒಂದು ಅಡೆಂಡಮ್ (ಪೂರಕ ಟಿಪ್ಪಣಿ) ಸೇರಿಸಿ.

ನಮ್ಮೂರಿನ ಎಂಆರ್‌ಡಿಯಲ್ಲಿ ಕೆಲಸ ಮಾಡುವವರಿಗೆ

ಕರ್ನಾಟಕದ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್‌ನಲ್ಲಿ ಕೂತವರು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಬಳಸುತ್ತಿದ್ದರೆ ಎಂ84.5 ಹುಡುಕಬೇಡಿ. ಅದು ಅಮೆರಿಕದವರು ತಮ್ಮ ಆವೃತ್ತಿಗೆ ಸೇರಿಸಿಕೊಂಡದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ಇದಕ್ಕೆ ಎಂ90.7, ಪಕ್ಕದಲ್ಲಿ ನಕ್ಷತ್ರ ಚಿಹ್ನೆ. ನಕ್ಷತ್ರದ ಕೋಡ್ ಒಂಟಿಯಾಗಿ ನಿಲ್ಲುವುದಿಲ್ಲ, ಕಾಯಿಲೆಯ ಮೂಲ ಹೇಳುವ ಕತ್ತಿ ಚಿಹ್ನೆಯ (†) ಕೋಡ್ ಮೊದಲು ಬರಬೇಕು. ಅಂದರೆ ಸಿ79.5 ಮೊದಲು, ಎಂ90.7 ಆಮೇಲೆ. ಅಮೆರಿಕದ ಚಾರ್ಟ್‌ನಲ್ಲಿ ಮುರಿತ ಮೊದಲು ಬರೆದು ರೂಢಿಯಾದವರು ಇಲ್ಲಿಗೆ ಬಂದಾಗ ಕೈ ತಾನಾಗಿ ತಿರುಗುಮುರುಗು ಬರೆಯುತ್ತದೆ, ಗಮನ ಇರಲಿ. ತೊಡೆ ಅಂತ ಜಾಗ ತೋರಿಸಬೇಕಿದ್ದರೆ ಕೊನೆಗೆ 5 ಸೇರಿಸಿ ಎಂ90.75.

ಕ್ಯಾನ್ಸರ್ ನೋಂದಣಿಗೆ ಮಾಹಿತಿ ಕೊಡುವ ಕೆಲಸವೂ ನಿಮ್ಮದಾಗಿದ್ದರೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ಈ ನೋಂದಣಿ ನಡೆಸುತ್ತಿದೆ, ಅಲ್ಲಿ ಲೆಕ್ಕಕ್ಕೆ ಬರುವುದು ಕ್ಯಾನ್ಸರ್ ಹುಟ್ಟಿದ ಜಾಗ. ಸ್ತನದಿಂದ ಮೂಳೆಗೆ ಹಬ್ಬಿ ತೊಡೆ ಮುರಿದವರನ್ನು "ಬೋನ್ ಕ್ಯಾನ್ಸರ್" ಅಂತ ಸಿ40ರಲ್ಲಿ ಬರೆದು ಕಳಿಸಿದರೆ ಸ್ತನದ ಲೆಕ್ಕದಲ್ಲಿ ಒಬ್ಬ ಹೆಂಗಸು ಕಡಿಮೆಯಾಗುತ್ತಾರೆ, ಮೂಳೆಯ ಲೆಕ್ಕದಲ್ಲಿ ಇಲ್ಲದ ಒಬ್ಬರು ಸೇರುತ್ತಾರೆ. ಕೇಸ್ ಶೀಟ್‌ನ ಮೊದಲ ಪುಟದಲ್ಲಿ ಮೂಲ ಬರೆದಿಲ್ಲದಿದ್ದರೆ ಹಳೇ ಬಯಾಪ್ಸಿ ಕಾಗದ ತೆಗೆಸಿ ನೋಡಿ, ಅದೂ ಸಿಗದಿದ್ದರೆ ವಾರ್ಡ್‌ಗೆ ಹೋಗಿ ಯೂನಿಟ್ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಂಡು ಬನ್ನಿ.